ಗುಣಿಸಿದಾಗ ಸಿಗುವುದು ‘ಸಾಮರ್ಥ್ಯ’ವೇ?

ಬಲ್ಲವರಲ್ಲಿ ಒಂದು ಸಂದೇಹ.

ವೋಲ್ಟ್, ಆಂಪಿಯರ್, ಓಮ್‌ಗಳನ್ನು ಅಳೆಯುವ ಮಲ್ಟಿಮೀಟರನ್ನು ಈಗಷ್ಟೇ ಕೈಗೆತ್ತಿಕೊಂಡವರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಮೊದಲ ಲೆಕ್ಕದಲ್ಲೇ ಲೇಖನಿ ನಿಂತಿತು. ನೀರು ಕಾಯಿಸುವ ಒಂದು ಹೀಟರಿಗೆ 230 ವೋಲ್ಟ್ ಕೊಟ್ಟಾಗ 4.35 ಆಂಪಿಯರ್ ಹರಿಯುತ್ತದೆ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಸುಮಾರು 53 ಓಮ್. ಅದು ರೋಧ, ಅಂದರೆ ಕರೆಂಟಿನ ಹರಿವಿಗೆ ತಂತಿ ಒಡ್ಡುವ ತಡೆ, ತಕರಾರಿಲ್ಲ. ಎರಡನ್ನೂ ಗುಣಿಸಿದರೆ ಸುಮಾರು 1000 ವ್ಯಾಟ್. ಇಂಗ್ಲಿಷಿನಲ್ಲಿ ‘ಪವರ್’ ಎನ್ನುವ ಅದಕ್ಕೆ ಕನ್ನಡದಲ್ಲೇನು ಹೆಸರು?

ಪಠ್ಯಪುಸ್ತಕದ ಉತ್ತರ ನನಗೂ ಗೊತ್ತು: ‘ಸಾಮರ್ಥ್ಯ’. ಶಾಲೆಯಲ್ಲಿ ನಾನೂ ಅದನ್ನೇ ಉರು ಹೊಡೆದವನು. ಆದರೆ ಬರೆಯಲು ಕೂತಾಗ ಆ ಪದ ಕೈಗೆ ಹತ್ತುತ್ತಿಲ್ಲ. ನಾವು ದಿನನಿತ್ಯ ಸಾಮರ್ಥ್ಯ ಎನ್ನುವುದು ಮಾಡಬಲ್ಲುದಕ್ಕೆ, ಮಾಡುತ್ತಿರುವುದಕ್ಕಲ್ಲ. ಟ್ಯಾಂಕಿನ ಸಾಮರ್ಥ್ಯ 500 ಲೀಟರ್ ಎಂದರೆ, ಒಳಗೆ ಹನಿ ನೀರಿಲ್ಲದಿದ್ದರೂ ಅದು 500 ಲೀಟರೇ. ವೋಲ್ಟ್ ಮತ್ತು ಆಂಪಿಯರನ್ನು ಗುಣಿಸಿ ಪಡೆದ ಸಂಖ್ಯೆ ಹಾಗಲ್ಲ. ಸ್ವಿಚ್ ಆರಿಸಿದ ಕ್ಷಣ ಅದು ಸೊನ್ನೆ. ಪ್ರತಿ ಸೆಕೆಂಡಿಗೆ ಎಷ್ಟು ಜೂಲ್ ಶಕ್ತಿ ಶಾಖವಾಗುತ್ತಿದೆ ಎಂಬ ಲೆಕ್ಕ ಅದು, ಈ ಹೊತ್ತಿನದು.

ಕೂದಲು ಸೀಳುತ್ತಿದ್ದೇನೆ ಅನ್ನಿಸಬಹುದು. ಅದೇ ಹೀಟರಿಗೆ ವೋಲ್ಟೇಜು 200ಕ್ಕೆ ಇಳಿಯಿತು ಅಂದುಕೊಳ್ಳಿ. ತಂತಿಯ ರೋಧ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಹಾಗಾಗಿ ಕರೆಂಟು ಸುಮಾರು 3.78 ಆಂಪಿಯರಿಗೆ ಇಳಿಯುತ್ತದೆ. ಗುಣಿಸಿದರೆ ಸುಮಾರು 756 ವ್ಯಾಟ್. ವೋಲ್ಟೇಜು ಇಳಿದದ್ದು ನೂರಕ್ಕೆ 13ರಷ್ಟು, ವ್ಯಾಟ್ ಇಳಿದದ್ದು ನೂರಕ್ಕೆ 24ರಷ್ಟು. ವೋಲ್ಟೇಜಿನ ಜೊತೆಗೆ ಕರೆಂಟೂ ಕುಗ್ಗುವುದರಿಂದ ಪೆಟ್ಟು ಎರಡು ಸಲ ಬೀಳುತ್ತದೆ. ಇದನ್ನು ಕನ್ನಡದಲ್ಲಿ ಬರೆದಾಗ ನನ್ನ ವಾಕ್ಯ ಹೀಗಾಯಿತು: ‘1000 ವ್ಯಾಟ್ ಸಾಮರ್ಥ್ಯದ ಹೀಟರಿನ ಸಾಮರ್ಥ್ಯ ಈಗ 756 ವ್ಯಾಟ್.’ ಕರಡು ಓದಿದ ಗೆಳೆಯ, ‘ಹೀಟರ್ ಕೆಟ್ಟಿದೆಯಾ?’ ಅಂದ. ತಪ್ಪು ಅವನದಲ್ಲ. ಸಾಮರ್ಥ್ಯ ಕುಂದಿತು ಎಂದರೆ ಕನ್ನಡದ ಕಿವಿಗೆ ಕೇಳಿಸುವುದು ಅದೇ.

ಹಾಗಾದರೆ ‘ಶಕ್ತಿ’ ಎನ್ನೋಣವೆಂದರೆ ಅದನ್ನು ಜೂಲುಗಳಿಗೆ ಆಗಲೇ ಕೊಟ್ಟಾಗಿದೆ. ಬಿಲ್ಲಿನಲ್ಲಿ ಬರುವ ಯೂನಿಟ್ ಶಕ್ತಿಯ ಅಳತೆ. ಒಂದು ಯೂನಿಟ್ ಅಂದರೆ 36 ಲಕ್ಷ ಜೂಲ್, ಅಂದರೆ ನಮ್ಮ ಹೀಟರ್ ಪೂರ್ಣ ವೋಲ್ಟೇಜಿನಲ್ಲಿ ಒಂದು ಗಂಟೆ ಉರಿದಷ್ಟು. ತಮಾಷೆಯೆಂದರೆ, ಸುಮಾರು 746 ವ್ಯಾಟಿಗೆ ನಾವು ‘ಅಶ್ವಶಕ್ತಿ’ ಎನ್ನುತ್ತೇವೆ. ಅಲ್ಲಿ ಶಕ್ತಿ ಎಂದದ್ದು ಜೂಲಿಗಲ್ಲ, ವ್ಯಾಟಿಗೇ. ಅದನ್ನು ‘ಅಶ್ವಸಾಮರ್ಥ್ಯ’ ಎಂದು ತಿದ್ದುವ ಧೈರ್ಯ ನನಗಂತೂ ಇಲ್ಲ.

‘ಬಳಕೆ’ ಎಂಬ ಪದವನ್ನೂ ಪ್ರಯತ್ನಿಸಿದೆ. ಓದಲು ಹಿತವಾಗಿದೆ, ಆದರೆ ‘ಬಳಕೆ ಎಷ್ಟು?’ ಅಂದರೆ ಯಾರೂ ವ್ಯಾಟ್ ಹೇಳುವುದಿಲ್ಲ, ಯೂನಿಟ್ ಹೇಳುತ್ತಾರೆ. ‘ಶಕ್ತಿವ್ಯಯದ ದರ’ ಅರ್ಥದ ಮಟ್ಟಿಗೆ ಸರಿ. ಒಂದೇ ಪುಟದಲ್ಲಿ ಹನ್ನೆರಡು ಸಲ ಬರೆದು ನೋಡಿ, ಆಮೇಲೆ ಮಾತಾಡೋಣ.

ಉಳಿದ ಪದಗಳಲ್ಲಿ ನನಗೆ ಅಷ್ಟು ತೊಡಕಾಗಿಲ್ಲ. ‘ರೋಧ’ ಚಿಕ್ಕದು, ವಿರೋಧ, ನಿರೋಧ, ಅವರೋಧಗಳ ಬಳಗದ್ದು, ತಡೆ ಎಂಬ ಅರ್ಥ ತಾನಾಗಿ ಹೊಳೆಯುತ್ತದೆ. ಉರಿಯುವಾಗಲೊಂದು, ತಣ್ಣಗಿರುವಾಗಲೊಂದು ರೋಧ ತೋರಿಸುವ ಹಳೆಯ ತಂತಿಬಲ್ಬಿನ ಸಂಗತಿಯನ್ನೂ ‘ಉರಿಯುವಾಗಿನ ರೋಧ’ ಎಂದು ಸಲೀಸಾಗಿ ಹೇಳಬಹುದು. 60 ವ್ಯಾಟಿನ ಬಲ್ಬಿಗೆ 230 ವೋಲ್ಟಿನಲ್ಲಿ ಅದು ಸುಮಾರು 880 ಓಮ್. ಬಲ್ಬ್ ಬಿಚ್ಚಿ ಮೀಟರಿಗೆ ಹಿಡಿದರೆ ಅದರ ಹತ್ತರಲ್ಲೊಂದು ಪಾಲಿನ ಆಸುಪಾಸು ಬರುತ್ತದೆ. ‘ವಿಭವಾಂತರ’ ಪರೀಕ್ಷೆಗೆ ಸರಿ, ಕೈಪಿಡಿಯಲ್ಲಿ ನಾನು ವೋಲ್ಟೇಜನ್ನೇ ಇಟ್ಟುಕೊಂಡಿದ್ದೇನೆ.

‘ಕರೆಂಟ್’ ವಿಷಯದಲ್ಲಿ ಮಾತ್ರ ಪದದ ಗೊಂದಲ ಅಪಾಯಕ್ಕೇ ತಿರುಗುತ್ತದೆ. ‘ಪ್ಲಗ್ಗಿನಲ್ಲಿ ಕರೆಂಟ್ ಇದೆಯಾ ನೋಡು’ ಎನ್ನುತ್ತೇವಲ್ಲ, ಅಲ್ಲಿ ಇರುವುದು ವೋಲ್ಟೇಜ್. ಏನನ್ನೂ ಜೋಡಿಸದ ಪ್ಲಗ್ಗಿನಲ್ಲಿ ಕರೆಂಟು ಹರಿಯುವುದೇ ಇಲ್ಲ. ಕಲಿಯುವ ಹುಡುಗನೊಬ್ಬ ಆ ಮಾತನ್ನು ನಂಬಿ, ಮೀಟರನ್ನು ಆಂಪಿಯರಿಗೆ ತಿರುಗಿಸಿ ಪ್ಲಗ್ಗಿಗೆ ಚುಚ್ಚಲು ಹೊರಟಿದ್ದ. ಆ ಸ್ಥಾನದಲ್ಲಿ ಮೀಟರಿನ ಒಳರೋಧ ಸೊನ್ನೆಗೆ ಹತ್ತಿರ. ಚುಚ್ಚಿದರೆ ನೇರ ಶಾರ್ಟ್. ಕೈ ಹಿಡಿದು ನಿಲ್ಲಿಸಿದೆ. ಅಂದಿನಿಂದ ಕೈಪಿಡಿಯಲ್ಲಿ ‘ಕರೆಂಟ್ ಇದೆ’ ಎಂದು ಬರೆಯುವುದನ್ನು ಬಿಟ್ಟು, ‘ಕರೆಂಟ್ ಹರಿಯುತ್ತಿದೆ’ ಎಂದೇ ಬರೆಯುತ್ತಿದ್ದೇನೆ. ಕ್ರಿಯಾಪದ ಬದಲಾದರೆ ಸಾಕಾಗುತ್ತದೆ ಅನ್ನಿಸಿದೆ.

ಗುಣಿಸಿ ಬಂದದ್ದಕ್ಕೂ ಇಂಥದ್ದೇ ಸುಲಭದ ದಾರಿ ಇದ್ದೀತೇ? ಸಾಧನದ ಮೇಲೆ ಅಚ್ಚಾದ ಅಂಕಿಗೆ ‘ಸಾಮರ್ಥ್ಯ’ವನ್ನು ಬಿಟ್ಟುಕೊಟ್ಟು, ಅಳೆದು ಗುಣಿಸಿದ್ದಕ್ಕೆ ಬೇರೆ ಪದ ಇಡಬೇಕೆಂಬುದು ನನ್ನ ಒಲವು. ‘ಕಸುವು’ ಒಂದು ಮನಸ್ಸಿಗೆ ಬಂತು. ಆದರೆ ಕಸುವೂ ಒಳಗಿರುವಂಥದ್ದೇ, ನಡೆಯುವಂಥದ್ದಲ್ಲ. ಸದ್ಯಕ್ಕೆ ಕೋಷ್ಟಕದ ತಲೆಯಲ್ಲಿ ವೋಲ್ಟೇಜ್, ಕರೆಂಟ್, ರೋಧ ಎಂದು ಬರೆದು ನಾಲ್ಕನೆಯ ಕಂಬಸಾಲಿಗೆ ‘ವ್ಯಾಟ್’ ಎಂದಷ್ಟೇ ಹಾಕಿದ್ದೇನೆ. ಉದ್ದ ಎನ್ನಬೇಕಾದಲ್ಲಿ ಮೀಟರ್ ಎಂದ ಹಾಗಿದೆ ಅದು. ಮೋಟರು ರಿಪೇರಿ ಮಾಡುವವರು, ಪಾಠ ಹೇಳುವವರು ಬಾಯಲ್ಲಿ ಏನೆನ್ನುತ್ತೀರಿ? ಪುಸ್ತಕದ ಪದ ಬೇಡ, ಆಡುವ ಪದವಿದ್ದರೆ ತಿಳಿಸಿ.