ಸಹಾಯ ಬೇಕು: ಶಿರಸಿಯಿಂದ ಕಾರವಾರಕ್ಕೆ ಈ ಮಳೆಯಲ್ಲಿ ಯಾವ ಘಟ್ಟ ಇಳಿಯಲಿ?

ಎಲ್ಲರಿಗೂ ನಮಸ್ಕಾರ. ಮುಂದಿನ ಗುರುವಾರ ಅಮ್ಮನನ್ನು ಕರೆದುಕೊಂಡು ಶಿರಸಿಯಿಂದ ಕಾರವಾರಕ್ಕೆ ಹೋಗಬೇಕು. ತಂಗಿಯ ಮನೆಯಲ್ಲಿ ತೊಟ್ಟಿಲು ಶಾಸ್ತ್ರ, ತಪ್ಪಿಸುವ ಹಾಗಿಲ್ಲ. ಗಾಡಿ ನನ್ನ ಹಳೇ ಆಲ್ಟೋ.

ದೇವಿಮನೆ ಘಟ್ಟ ಹತ್ತಿರದ ದಾರಿ, ಕುಮಟಾಕ್ಕೆ ಸುಮಾರು 60 ಕಿ.ಮೀ. ಅಷ್ಟೇ. ಆದರೆ ಹೋದ ಸಲ ಇಳಿಯುವಾಗ ನಾನು ಬ್ರೇಕ್ ಮೇಲಿಂದ ಕಾಲೇ ತೆಗೆಯಲಿಲ್ಲ. ಅರ್ಧ ಇಳಿಯುವಷ್ಟರಲ್ಲಿ ಸುಟ್ಟ ವಾಸನೆ. ಬದಿಗೆ ನಿಲ್ಲಿಸಿ ನೋಡಿದರೆ ಮುಂದಿನ ಚಕ್ರದಿಂದ ಸಣ್ಣಗೆ ಹೊಗೆ! ಅಮ್ಮ ಮೂಗಿಗೆ ಹಿಡಿದಿದ್ದ ಲಿಂಬೆಹಣ್ಣನ್ನು ನನಗೇ ಕೊಟ್ಟು, "ನೀನೇ ಮೂಸು" ಅಂದಳು. ಈ ಸಲ ಎರಡನೇ ಗೇರಿನಲ್ಲೇ ಇಳಿಯುತ್ತೇನೆ, ಅದು ಬಿಡಿ.

ಈಗಿನ ಹೆದರಿಕೆ ಗುಡ್ಡದ್ದು. ಕುಮಟಾ ಮೇಲೆ ಹೋದರೆ ಅಂಕೋಲಾಕ್ಕೆ ಮೊದಲು ಶಿರೂರು ಸಿಗುತ್ತದೆ. 2024ರ ಜುಲೈನಲ್ಲಿ ಗುಡ್ಡ ಕುಸಿದದ್ದು ಅಲ್ಲೇ ಅಲ್ವಾ, ಅಮ್ಮ ಆ ಹೆಸರು ಕೇಳಿದರೇ ಬೇಡ ಅನ್ನುತ್ತಾಳೆ. ಯಲ್ಲಾಪುರ ಸುತ್ತಿ ಅರಬೈಲ್ ಘಟ್ಟ ಇಳಿದರೆ ಶಿರೂರು ತಪ್ಪುತ್ತದೆ. ಆದರೆ ದೂರ ಜಾಸ್ತಿ, ಲಾರಿಗಳ ಸಾಲು ಬೇರೆ. 2021ರ ಮಳೆಯಲ್ಲಿ ಅಲ್ಲೂ ಕುಸಿದಿತ್ತು.

ಈ ವಾರ ಓಡಾಡಿದವರು ಹೇಳಿ: ದೇವಿಮನೆಯಲ್ಲಿ ಸಣ್ಣ ಕಾರು ಬಿಡುತ್ತಿದ್ದಾರಾ? ತಿರುವುಗಳಲ್ಲಿ ಕೆಸರು ಎಷ್ಟಿದೆ? ಬೆಳಿಗ್ಗೆ ಮಂಜು ಎಷ್ಟು ಗಂಟೆಗೆ ಸರಿಯುತ್ತದೆ? ವಡ್ಡಿ ಘಟ್ಟ ಚೆಂದ ಅಂತ ಸುಮ್ನೆ ಹೇಳಬೇಡಿ, ಚೆಂದ ನೋಡಲು ಬೇಸಿಗೆಯಲ್ಲಿ ಬರುತ್ತೇನೆ. ವಾಂತಿ ಬರುವವರನ್ನು ಕೂರಿಸಿಕೊಂಡು ಹೋದವರಿದ್ದರೆ ಎಲ್ಲಿ ನಿಲ್ಲಿಸಿದಿರಿ ಅಂತಲೂ ಬರೆಯಿರಿ.