ಅಪ್ಪ ಎಲ್ಲದಕ್ಕೂ ‘ಪರ್ವಾಗಿಲ್ಲ’ ಅಂತಾರೆ, ಫಾರಂ ನಾನು ತುಂಬಿದ್ರೆ ಆಗುತ್ತಾ?

ತುಮಕೂರಿನ ಮಗಳು:
ನಮಸ್ಕಾರ ಎಲ್ರಿಗೂ. ಅಪ್ಪಂಗೆ 67, ಲಂಗ್ ಕ್ಯಾನ್ಸರ್, ನಾಲ್ಕನೇ ಸ್ಟೇಜ್, ಬೆಂಗಳೂರಲ್ಲಿ ಕೀಮೋ ನಡೀತಿದೆ. ಮೂರನೇ ಸೈಕಲ್‌ಗೆ ಹೋದಾಗ ಕ್ಯೂಎಲ್‌ಕ್ಯೂ-ಸಿ30 ಅಂತ, ಪೇಷಂಟ್ ದಿನನಿತ್ಯ ಹೇಗಿದ್ದಾರೆ ಅಂತ ಕೇಳೋ ಒಂದು ಫಾರಂ ಕೊಟ್ರು, ಜೊತೆಗೆ ಎಲ್‌ಸಿ13 ಅಂತ ಇನ್ನೊಂದು. ಅಪ್ಪ ಕನ್ನಡಕ ಮರೆತು ಬಂದಿದ್ರು, ನಾನು ಓದಿ ಹೇಳ್ತಾ ಹೋದೆ, ಪ್ರತಿಯೊಂದಕ್ಕೂ "ಪರ್ವಾಗಿಲ್ಲ ಬಿಡಮ್ಮ, ಒಂದು ಹಾಕು". ಒಂದು ಅಂದ್ರೆ ಆ ತೊಂದರೆ ಇಲ್ವೇ ಇಲ್ಲ ಅಂತ, ನಾಲ್ಕು ಅಂದ್ರೆ ತುಂಬಾ ಇದೆ ಅಂತ. ಮನೇಲಿ ನೋಡಿದ್ರೆ ಸ್ನಾನ ಮಾಡಿ ಬಂದವ್ರು ಬಚ್ಚಲ ಬಾಗಿಲು ಹಿಡ್ಕೊಂಡು ಏದುಸಿರು ಬಿಡ್ತಾ ನಿಂತಿರ್ತಾರೆ, ಬೆರಳು ಜೋಮು ಹಿಡಿದು ಅಂಗಿ ಗುಂಡಿ ಹಾಕೋಕೂ ಅಮ್ಮನ್ನೇ ಕರೀತಾರೆ. ಕೊನೆಗೆ ನಾನೇ ಮೂರು, ನಾಲ್ಕು ಅಂತ ಗೀಚಿ ಕೊಟ್ಟುಬಿಟ್ಟೆ. ತಪ್ಪಾಯ್ತಾ? ಸ್ಕ್ಯಾನ್‌ನಲ್ಲಿ ಗೆಡ್ಡೆ ಸಣ್ಣ ಆಗಿದೆ ಅಂದಮೇಲೆ ಈ ನಂಬರ್‌ಗಳು ಯಾಕೆ ಬೇಕು?

ಆಂಕಾಲಜಿ ನರ್ಸ್, 11 ವರ್ಷ:
ಬೇಜಾರ್ ಮಾಡ್ಕೋಬೇಡಿ ಮೇಡಂ, ನಮ್ಮ ವಾರ್ಡಲ್ಲೂ ಅರ್ಧ ಫಾರಂ ಮನೆಯವ್ರೇ ತುಂಬಿರ್ತಾರೆ. ಆದ್ರೆ ಅದು ಅವ್ರ ಫಾರಂ, ಉತ್ತರ ಅವ್ರದ್ದೇ ಇರ್ಬೇಕು. ಮನೆಯವ್ರು ಸಾಮಾನ್ಯವಾಗಿ ಪೇಷಂಟ್ ಹೇಳೋದಕ್ಕಿಂತ ಜಾಸ್ತಿ ಕಷ್ಟ ಬರೀತಾರೆ, ನೋಡೋರಿಗೆ ಸಂಕಟ ಅಲ್ವಾ.

ಗೆಡ್ಡೆ ಅಳೆಯೋಕೆ ಸ್ಕ್ಯಾನ್ ಇದೆ, ಮನುಷ್ಯ ಹೇಗಿದ್ದಾನೆ ಅಂತ ಅಳೆಯೋಕೆ ಇದು. ಸಿ30ರಲ್ಲಿ 30 ಪ್ರಶ್ನೆ: ಓಡಾಟ, ನಿದ್ದೆ, ನೋವು, ಚಿಂತೆ, ದುಡ್ಡಿನ ತಾಪತ್ರಯ ಕೂಡ. ಎಲ್‌ಸಿ13 ಶ್ವಾಸಕೋಶದ್ದೇ: ಕೆಮ್ಮು, ಕಫದಲ್ಲಿ ರಕ್ತ, ಸುಮ್ಮನೆ ಕೂತಾಗ, ನಡೆಯುವಾಗ, ಮೆಟ್ಟಿಲು ಹತ್ತುವಾಗ ಉಸಿರಾಟ ಹೇಗೆ, ಕೈಕಾಲು ಜೋಮು. ಎಲ್ಲಾನೂ 0ಯಿಂದ 100ಕ್ಕೆ ತಂದು ಲೆಕ್ಕ ಹಾಕ್ತಾರೆ, ಓಡಾಟದಂಥದ್ರಲ್ಲಿ ಜಾಸ್ತಿ ಬಂದ್ರೆ ಒಳ್ಳೇದು, ಕೆಮ್ಮು ನೋವಿನಂಥದ್ರಲ್ಲಿ ಜಾಸ್ತಿ ಬಂದ್ರೆ ಕೆಟ್ಟದ್ದು. ಕೀಮೋದಿಂದ ಜೋಮು ಏರ್ತಾ ಇದೆ ಅಂತ ಗೊತ್ತಾದ್ರೆ ಡಾಕ್ಟ್ರು ಡೋಸ್ ಇಳಿಸಬಹುದು, ಔಷಧಿನೇ ಬದಲಾಯಿಸಬಹುದು. ‘ಒಂದು’ ಅಂತ ಬರೆದ್ರೆ ಅವ್ರಿಗೆ ಹೇಗ್ ಗೊತ್ತಾಗ್ಬೇಕು?

ಇನ್ನೊಂದು ಮಾತು, 2010ರಲ್ಲಿ ಬಾಸ್ಟನ್‌ನಲ್ಲಿ ನಾಲ್ಕನೇ ಸ್ಟೇಜಿನ 151 ಜನರ ಮೇಲೆ ಸ್ಟಡಿ ಮಾಡಿದ್ರು. ಮೊದಲಿಂದ್ಲೇ ಪ್ಯಾಲಿಯೇಟಿವ್ ಕೇರ್, ಅಂದ್ರೆ ನೋವು-ತೊಂದರೆ ಕಡಿಮೆ ಮಾಡಿ ಆರಾಮ ಕೊಡೋ ಆರೈಕೆ, ಸಿಕ್ಕವ್ರ ಜೀವನದ ಗುಣಮಟ್ಟ 12 ವಾರಕ್ಕೆ ಚೆನ್ನಾಗಿತ್ತು, ಅವ್ರು ಬದುಕಿದ್ದೂ ಜಾಸ್ತಿ ದಿನ, 11.6 ತಿಂಗಳು, ಉಳಿದವ್ರು 8.9. ಪ್ಯಾಲಿಯೇಟಿವ್ ಅಂದ ತಕ್ಷಣ ಕೈಬಿಟ್ರು ಅಂತ ಹೆದರ್ಬೇಡಿ, ನೀವೇ ಕೇಳಿ.

ಶಿವಮೊಗ್ಗದಿಂದ:
ನಮ್ಮಮ್ಮಂದೂ ಇದೇ ಕಥೆ ಅಕ್ಕಾ. ‘ಉಸಿರಾಟದ ತೊಂದರೆ ಇದೆಯಾ’ ಅಂತ ಕೇಳಿದ್ರೆ ಇಲ್ಲ ಅನ್ನೋರು. ಫಾರಂ ಕೈಗೆ ಬರೋ ಹಿಂದಿನ ದಿನಾನೇ ಮನೇಲಿ ಕೂತು ಮಾತಾಡಿಸ್ತಿದ್ದೆ, ಈ ವಾರ ಹಿತ್ತಲಿಗೆ ಹೋಗಿ ಹೂ ಕುಯ್ದ್ಯಾ, ನಡುವೆ ಎಲ್ಲಿ ಕೂತ್ಕೊಂಡೆ ಅಂತ, ಆಗ ಎಲ್ಲಾ ಹೊರಗೆ ಬರ್ತಿತ್ತು. ಫಾರಂ ಕೇಳೋದೂ ಹೋದ ಒಂದು ವಾರದ್ದೇ. ಪ್ರಶ್ನೆ ಓದುವಾಗ ಮಾತ್ರ ಇದ್ದ ಹಾಗೆ ಓದಿ, ನಮ್ಮ ಮಾತು ಸೇರಿಸ್ಬಾರ್ದು.

ತುಮಕೂರಿನ ಮಗಳು:
ನಿನ್ನೆ ಸಂಜೆ ಅಪ್ಪನ ಜೊತೆ ಜಗಲಿ ಮೇಲೆ ಕೂತು ಹಾಗೇ ಕೇಳಿದೆ. ಮಲಗಿದ್ರೆ ಉಸಿರು ಸಿಗಲ್ವಂತೆ, ನಾಲ್ಕು ದಿನದಿಂದ ರಾತ್ರಿ ಗೋಡೆಗೆ ಒರಗಿ ಕೂತೇ ಇರ್ತಾರಂತೆ, ಅಮ್ಮ ಎದ್ದುಬಿಡ್ತಾಳೆ ಅಂತ ಲೈಟೂ ಹಾಕಲ್ವಂತೆ. ಒಂದೇ ಮನೇಲಿದ್ದು ನಂಗೆ ಗೊತ್ತಿರ್ಲಿಲ್ಲ. ಆಮೇಲೆ ಆ ಕೊನೇ ಪ್ರಶ್ನೆ, ಒಟ್ಟು ಜೀವನ ಹೇಗಿತ್ತು ಅಂತ ಒಂದರಿಂದ ಏಳರೊಳಗೆ ಹೇಳೋದು, ನಾನು ಎರಡು ಹಾಕಿದ್ದೆ, ಅಪ್ಪ ಐದು ಅಂದ್ರು. ಯಾಕಪ್ಪ ಅಂದ್ರೆ "ತೋಟದ ಬೋರ್‌ನಲ್ಲಿ ನೀರು ಬಿತ್ತಲ್ಲಮ್ಮ". ಸೋಮವಾರ ಫೋನ್ ಮಾಡಿ ಫಾರಂ ಮತ್ತೆ ತುಂಬ್ತೀವಿ ಅಂತ ಕೇಳ್ತೀನಿ.

ಆಂಕಾಲಜಿ ನರ್ಸ್, 11 ವರ್ಷ:
ಫಾರಂ ಸೋಮವಾರಕ್ಕಿರ್ಲಿ ಮೇಡಂ, ಮಲಗಿದ್ರೆ ಉಸಿರು ಸಿಗಲ್ಲ ಅನ್ನೋದನ್ನ ಈಗ್ಲೇ ಫೋನ್ ಮಾಡಿ ಹೇಳಿ. ಶ್ವಾಸಕೋಶದ ಸುತ್ತ ನೀರು ತುಂಬಿದ್ರೂ ಹೀಗಾಗುತ್ತೆ, ತೆಗೆದ್ರೆ ಎಷ್ಟೋ ಆರಾಮ. ಉಸಿರು ಜಾಸ್ತಿ ಕಟ್ಟಿದ್ರೆ ಕಾಯ್ಬೇಡಿ, ಹತ್ತಿರದ ಆಸ್ಪತ್ರೆಗೇ ಕರ್ಕೊಂಡ್ ಹೋಗಿ.