ಸ್ಟೆರಾಯ್ಡ್ ಜೊತೆ ವಿಟಮಿನ್ ಇ ತಗೊಂಡರೆ ಹಾರ್ಟ್‌ಗೆ ತೊಂದರೆ ಇಲ್ವಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ವಯಸ್ಸು 27, ದಾವಣಗೆರೆ. ಜಿಮ್ ಕೋಚ್ ಹೇಳಿದ ಹಾಗೆ ಮೈ ಬೆಳೆಸೋಕೆ ಡೆಕಾ, ಟೆಸ್ಟೊಸ್ಟೆರಾನ್ ಅನ್ನೋ ಸ್ಟೆರಾಯ್ಡ್ ಇಂಜೆಕ್ಷನ್ ತಗೊಳ್ಳುತ್ತಿದ್ದೇನೆ. ಇದು ಎರಡನೇ ಸೈಕಲ್ (ಕೆಲವು ವಾರ ತಗೊಂಡು ಬಿಡುವ ಸುತ್ತು). ಹಾರ್ಟ್‌ಗೆ ಏನೂ ಆಗಬಾರದು ಅಂತ ದಿನಾ ಒಂದು ಎವಿಯಾನ್ 400 (ವಿಟಮಿನ್ ಇ), ಎರಡು ಲಿಮ್ಸಿ (ವಿಟಮಿನ್ ಸಿ) ತಗೋ ಅಂದಿದ್ದಾರೆ. ಅಷ್ಟು ಸಾಕಾ, ಜಾಸ್ತಿ ಮಾಡಬೇಕಾ?

ಉತ್ತರ (ಹೃದ್ರೋಗ ವೈದ್ಯರು): ಮುಚ್ಚಿಡದೆ ಕೇಳಿದ್ದು ಒಳ್ಳೆಯದಾಯಿತು. ಅಷ್ಟು ಸಾಲದು, ಜಾಸ್ತಿ ಮಾಡಿದರೂ ಸಾಲದು.

ನಿಮ್ಮ ಕೋಚ್ ಮಾತು ಪೂರ್ತಿ ಗಾಳಿಮಾತೂ ಅಲ್ಲ. ಡೆಕಾದಂಥ ಸ್ಟೆರಾಯ್ಡ್ ಹೃದಯದ ಜೀವಕೋಶಗಳಲ್ಲಿ ಆಕ್ಸಿಡೇಟಿವ್ ಹಾನಿ, ಅಂದರೆ ಆಮ್ಲಜನಕದಿಂದ ಹುಟ್ಟುವ ಚುರುಕು ಕಣಗಳು ಮಾಡುವ ಹಾನಿ, ಹೆಚ್ಚಿಸುತ್ತದೆ. ಇಲಿಗಳಿಗೆ ವಿಟಮಿನ್ ಕೊಟ್ಟಾಗ ಅದು ಸ್ವಲ್ಪ ಇಳಿದದ್ದೂ ಉಂಟು. ಆದರೆ ಹೃದಯಕ್ಕೆ ಬೀಳುವ ಪೆಟ್ಟು ಅದೊಂದೇ ಅಲ್ಲವಲ್ಲ. ಒಳ್ಳೆಯ ಕೊಲೆಸ್ಟ್ರಾಲ್ ಎಚ್‌ಡಿಎಲ್ ಕುಸಿಯುತ್ತದೆ, ಕೆಟ್ಟದ್ದು ಏರುತ್ತದೆ. ಕೆಂಪು ಕಣ ಜಾಸ್ತಿಯಾಗಿ ರಕ್ತ ಮಂದವಾಗುತ್ತದೆ. ಬಿಪಿ ಹೆಚ್ಚುತ್ತದೆ. ತೋಳಿನ ಜೊತೆ ಹೃದಯದ ಗೋಡೆಯೂ ದಪ್ಪವಾಗುತ್ತದೆ. ತೋಳಿಗೆ ಅದು ಚೆಂದ, ಹೃದಯಕ್ಕಲ್ಲ. ಇವನ್ನೆಲ್ಲ ವಿಟಮಿನ್ ತಡೆಯುತ್ತದೆ ಅನ್ನುವುದಕ್ಕೆ ಮನುಷ್ಯರಲ್ಲಿ ಪುರಾವೆ ಇಲ್ಲ.

2017ರಲ್ಲಿ ಅಮೆರಿಕದಲ್ಲಿ 140 ವೇಟ್‌ಲಿಫ್ಟರ್‌ಗಳ ಎಕೋ (ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್) ಮಾಡಿ ನೋಡಿದರು. ಸ್ಟೆರಾಯ್ಡ್ ಮುಟ್ಟದವರ ಹೃದಯ ಪ್ರತಿ ಬಡಿತಕ್ಕೆ, ತುಂಬಿಕೊಂಡ ರಕ್ತದಲ್ಲಿ ಸರಾಸರಿ ಶೇ 63ರಷ್ಟನ್ನು ಹೊರಗೆ ತಳ್ಳುತ್ತಿತ್ತು. ಆಗ ತಗೊಳ್ಳುತ್ತಿದ್ದವರಲ್ಲಿ ಶೇ 49. ಬಿಟ್ಟವರಲ್ಲಿ ಶೇ 58.

ಇನ್ನು ವಿಟಮಿನ್. ಅಮೆರಿಕದ 14,000ಕ್ಕೂ ಹೆಚ್ಚು ಗಂಡು ಡಾಕ್ಟರುಗಳ ಮೇಲೆ ಇ ಮತ್ತು ಸಿ ಎರಡನ್ನೂ ವರ್ಷಗಟ್ಟಲೆ ಪರೀಕ್ಷೆ ಮಾಡಿದ್ದಾರೆ. ಅವರು ಸ್ಟೆರಾಯ್ಡ್‌ನವರಲ್ಲ, ನಿಜ. ಆದರೂ 2008ರಲ್ಲಿ ಫಲಿತಾಂಶ ಬಂದಾಗ ಹಾರ್ಟ್ ಅಟ್ಯಾಕ್ ಕಡಿಮೆಯಾಗಿರಲಿಲ್ಲ. ಇ ತಗೊಂಡವರಲ್ಲಿ ಮಿದುಳಿನ ರಕ್ತಸ್ರಾವ ಮಾತ್ರ ಸ್ವಲ್ಪ ಜಾಸ್ತಿ ಕಂಡಿತು. ಬಿಪಿ ಏರಿರುವವರು ಇ ಡೋಸ್ ಏರಿಸುವುದು ನನಗೆ ಸರಿ ಕಾಣುವುದಿಲ್ಲ.

ಪ್ರಶ್ನೆ ಕೇಳಿದವರು: ಹಾಗಾದ್ರೆ ಇಷ್ಟು ದಿನ ಸುಮ್ನೆ ನುಂಗಿದೆ ಅನ್ನಿ. ಇಂಜೆಕ್ಷನ್ ಇವತ್ತೇ ನಿಲ್ಲಿಸಲಾ?

ಉತ್ತರ: ಮುಂದಿನ ಡೋಸ್ ಹಾಕಿಸಿಕೊಳ್ಳಬೇಡಿ. ಹೊರಗಿನಿಂದ ಹಾರ್ಮೋನ್ ಬರುತ್ತಿದ್ದಾಗ ನಿಮ್ಮ ದೇಹ ತಾನು ಮಾಡುವುದನ್ನು ನಿಲ್ಲಿಸಿರುತ್ತದೆ. ಅದು ಮತ್ತೆ ಶುರುವಾಗಲು ತಿಂಗಳುಗಳೇ ಬೇಕಾಗಬಹುದು. ಅಲ್ಲಿಯವರೆಗೆ ಸುಸ್ತು, ಬೇಜಾರು, ಆಸಕ್ತಿ ಇಲ್ಲದಿರುವುದು, ಎಲ್ಲ ಇರುತ್ತದೆ. ಎಷ್ಟೋ ಹುಡುಗರು ಈ ಹಂತದಲ್ಲೇ ಹೆದರಿ ಮತ್ತೆ ಸೂಜಿ ಹಿಡಿಯುತ್ತಾರೆ. ಅದಕ್ಕೇ ಎಂಡೊಕ್ರೈನಾಲಜಿಸ್ಟ್ (ಹಾರ್ಮೋನ್ ತಜ್ಞರು) ಹತ್ತಿರ ಹೋಗಿ.

ಜೊತೆಗೆ ಬಿಪಿ, ಲಿಪಿಡ್ ಪ್ರೊಫೈಲ್ (ಕೊಲೆಸ್ಟ್ರಾಲ್ ಪರೀಕ್ಷೆ), ಸಿಬಿಸಿ (ರಕ್ತಕಣಗಳ ಪರೀಕ್ಷೆ), ಇಸಿಜಿ, ಎಕೋ ಮಾಡಿಸಿ. ಸಿಬಿಸಿ ರಿಪೋರ್ಟ್‌ನಲ್ಲಿ ಹೆಮಟೊಕ್ರಿಟ್ ಅಂತ ಒಂದು ಸಾಲು ಇರುತ್ತದೆ, ರಕ್ತದಲ್ಲಿ ಕೆಂಪು ಕಣಗಳ ಪಾಲು ಶೇಕಡಾ ಎಷ್ಟು ಅಂತ. ಅದು 54 ದಾಟಿದ್ದರೆ ತಡಮಾಡದೆ ತೋರಿಸಿ. ಏನು ತಗೊಂಡಿರಿ, ಎಷ್ಟು ದಿನ, ಎಲ್ಲ ಹೇಳಿಬಿಡಿ. ಎದೆ ಬಿಗಿದರೆ, ಕಣ್ಣು ಕತ್ತಲೆ ಬಂದರೆ ಮೆಸೇಜ್ ಹಾಕುತ್ತಾ ಕೂರಬೇಡಿ, ಎಮರ್ಜೆನ್ಸಿಗೆ ಹೋಗಿ.

ಇನ್ನೊಬ್ಬರು: ಇದನ್ನು ಓದಿ ಗಾಬರಿಯಾಯ್ತು ಡಾಕ್ಟ್ರೇ. ನಮ್ಮಮ್ಮ ಕೀಲುವಾತಕ್ಕೆ ವೈಸೊಲೋನ್ (ಪ್ರೆಡ್ನಿಸೊಲೋನ್ ಮಾತ್ರೆ) ತಗೊಳ್ಳುತ್ತಾರೆ. ಅದೂ ಸ್ಟೆರಾಯ್ಡ್ ಅಲ್ವಾ?

ಉತ್ತರ: ಅದು ಬೇರೆ ಜಾತಿಯ ಸ್ಟೆರಾಯ್ಡ್ ಅಮ್ಮಾ, ಮೈ ಬೆಳೆಸುವುದಲ್ಲ. ದಯವಿಟ್ಟು ದಿಢೀರ್ ನಿಲ್ಲಿಸಬೇಡಿ, ಅದು ಅಪಾಯ. ಅದರಲ್ಲಿ ಬಿಪಿ, ಶುಗರ್ ಮೇಲೆ ಕಣ್ಣಿಡಬೇಕು, ಉಪ್ಪು ಕಡಿಮೆ ಮಾಡಬೇಕು. ಬಹಳ ದಿನ ತಗೊಂಡರೆ ಮೂಳೆ ಸವೆಯುತ್ತದೆ. ಕ್ಯಾಲ್ಸಿಯಂ, ವಿಟಮಿನ್ ಡಿ ಬೇಕಾ ಅಂತ ಬರೆದುಕೊಟ್ಟ ಡಾಕ್ಟರನ್ನೇ ಕೇಳಿ.